ಬಾಂಡ್ ಬರಲಿ, ಅವಸರ ಏನಿದೆ?

ರಾಣೇಬೆನ್ನೂರಿನವರು, ಈಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಓದುಗರೊಬ್ಬರು ಜೇಮ್ಸ್ ಬಾಂಡ್ ಬಗ್ಗೆ ಉದ್ದನೆಯ ಪತ್ರ ಬರೆದಿದ್ದಾರೆ. ಪೂರ್ತಿ ಹಾಕಲು ಜಾಗ ಇಲ್ಲ. ಸಾರ ಇಷ್ಟು: ಕೊನೆಯ ಬಾಂಡ್ ಸಿನಿಮಾ ಬಂದದ್ದು 2021ರಲ್ಲಿ. ಅದರಲ್ಲಿ ಬಾಂಡ್ ಸತ್ತೇಹೋದ. ಈಗ ಹಕ್ಕು ಅಮೆಜಾನ್ ಕೈಗೆ ಬಂದಿದೆ, ದುಡ್ಡಿಗೆ ಬರವಿಲ್ಲ. ಇನ್ನು ಮೇಲೆ ವರ್ಷಕ್ಕೊಂದು ಸಿನಿಮಾ ಬರಲಿ, ಬಾಂಡ್‌ನ ಬಾಸ್‌ನ ಕಾರ್ಯದರ್ಶಿ ಮನಿಪೆನ್ನಿಗೆ ಒಂದು ವೆಬ್ ಸೀರೀಸ್, ಅವನಿಗೆ ಯಂತ್ರತಂತ್ರ ಮಾಡಿಕೊಡುವ ಕ್ಯೂಗೆ ಒಂದು, ಬಾಂಡ್ ನೌಕಾಪಡೆಯಲ್ಲಿದ್ದ ಕಾಲದ್ದು ಇನ್ನೊಂದು, ಮಾರ್ವೆಲ್‌ನವರು ಮಾಡಿದ ಹಾಗೆ ಎಲ್ಲ ಒಂದಕ್ಕೊಂದು ಕೂಡಲಿ. ಕೊನೆಯಲ್ಲಿ ಕೇಳಿದ್ದಾರೆ, "ಅಭಿಮಾನಿಗಳನ್ನು ಇಷ್ಟು ವರ್ಷ ಕಾಯಿಸುವುದು ಅವಮಾನ ಅಲ್ವಾ ಸರ್?"

ಅಲ್ಲ.

ಇವರು ವಯಸ್ಸಿನಲ್ಲಿ ನನ್ನ ಮಗನಿಗಿಂತ ಸಣ್ಣವರು, ಆದರೂ ಪತ್ರಿಕೆಯ ರೂಢಿಯಂತೆ 'ನೀವು' ಅಂತಲೇ ಬರೆಯುತ್ತೇನೆ. ನಿಮ್ಮ ಸಂಕಟ ನನಗೆ ತಿಳಿಯುತ್ತದೆ. 2006ರಲ್ಲಿ ಡೇನಿಯಲ್ ಕ್ರೇಗ್ ಮೊದಲ ಸಲ ಬಾಂಡ್ ಆಗಿ ಬಂದಾಗ ನೀವು ತೊಟ್ಟಿಲಲ್ಲಿದ್ದಿರಬೇಕು. ದೊಡ್ಡ ಪರದೆ ಮೇಲೆ ನೀವು ನೋಡಿದ ಬಾಂಡ್ ಅಂದರೆ ಆ ಕೊನೆಯದೊಂದೇ, ಅದೂ ಕೊರೊನಾ ಕಾಲದಲ್ಲಿ ಮಾಸ್ಕ್ ಹಾಕಿಕೊಂಡು. ಜಾಸ್ತಿ ಬೇಕು ಅನ್ನಿಸುವುದು ಸಹಜ. ಮೊದಲ ನಾಲ್ಕು ಸಿನಿಮಾ 1962ರಿಂದ 65ರವರೆಗೆ ವರ್ಷಕ್ಕೊಂದರಂತೆ ಬಂದಿದ್ದವು ಅಂತ ನೀವು ವಾದಿಸಬಹುದು, ಅದೂ ನಿಜ. ಆದರೆ ಆಗ ಕತೆ ತಯಾರಿತ್ತು ರೀ. ಇಯಾನ್ ಫ್ಲೆಮಿಂಗ್ 1953ರಿಂದ ಬರೆಯುತ್ತ ಬಂದಿದ್ದರು, ಮೊದಲ ಸಿನಿಮಾ ತೆರೆಗೆ ಬರುವ ಹೊತ್ತಿಗೆ ಹತ್ತು ಪುಸ್ತಕ ಅಂಗಡಿಯಲ್ಲಿದ್ದವು. ಈಗ ಕಪಾಟು ಖಾಲಿ.

ಇನ್ನು ನನ್ನ ಮಾತು ಕೇಳಿ. ಬಾಂಡ್ ಇತಿಹಾಸ ತೆಗೆದು ನೋಡಿದರೆ ಅವಸರ ಮಾಡಿದಾಗೆಲ್ಲ ಮುಗ್ಗರಿಸಿದ್ದಾರೆ, ಕಾಯಿಸಿದಾಗೆಲ್ಲ ಎದ್ದು ನಿಂತಿದ್ದಾರೆ. 1973ರಲ್ಲಿ ರೋಜರ್ ಮೂರ್ ಬಂದರು, ಮರುವರ್ಷವೇ ಇನ್ನೊಂದು ಸಿನಿಮಾ ಬಂತು, ಅದು ಸಪ್ಪಗಾಯಿತು. ಆಮೇಲೆ ಇಬ್ಬರು ನಿರ್ಮಾಪಕರಲ್ಲಿ ಹ್ಯಾರಿ ಸಾಲ್ಟ್‌ಮನ್ ತಮ್ಮ ಪಾಲು ಮಾರಿ ಹೋದರು, ಮೂರು ವರ್ಷ ಏನೂ ಬರಲಿಲ್ಲ, 1977ರಲ್ಲಿ ಬಂತು ನೋಡಿ ಸಮುದ್ರದೊಳಗೆ ಕಾರು ಓಡಿಸುವ ಸಿನಿಮಾ! ಮೂರ್ ಬಾಂಡ್‌ಗಳಲ್ಲಿ ಇವತ್ತಿಗೂ ಅದನ್ನೇ ಜನ ಮೊದಲು ಹೇಳುತ್ತಾರೆ. 1989ರ ನಂತರ ಕೋರ್ಟು ಕಚೇರಿ ಅಂತ ಆರು ವರ್ಷ ಬಾಗಿಲು ಹಾಕಿತ್ತು. ಸೋವಿಯತ್ ಒಕ್ಕೂಟವೇ ಹೋಯಿತು, ಇನ್ನು ಈ ಬ್ರಿಟಿಷ್ ಗೂಢಚಾರನಿಗೆ ಏನು ಕೆಲಸ ಅಂತ ಎಲ್ಲರೂ ಬರೆದು ಮುಗಿಸಿದ್ದರು. 1995ರಲ್ಲಿ ಪಿಯರ್ಸ್ ಬ್ರಾಸ್ನನ್ ಬಂದು ಅವರ ಬಾಯಿ ಮುಚ್ಚಿಸಿದರು. 2002ರಲ್ಲಿ ಕಣ್ಣಿಗೆ ಕಾಣದ ಕಾರು, ಹಿಮದ ಅರಮನೆ ಅಂತ ಅತಿಯಾಯಿತು. ನಾಲ್ಕು ವರ್ಷ ಸುಮ್ಮನಿದ್ದರು, ಆಗ ಕ್ರೇಗ್ ಸಿಕ್ಕರು. ಅದರ ಮುಂದಿನದನ್ನು ಎರಡೇ ವರ್ಷಕ್ಕೆ, ಅಮೆರಿಕದ ಬರಹಗಾರರ ಮುಷ್ಕರದ ನಡುವೆ ತೆಗೆದರು, ಕ್ರೇಗ್ ತಾವೇ ಕೂತು ದೃಶ್ಯ ತಿದ್ದಬೇಕಾಯಿತು. ಸಿನಿಮಾ ಹೇಗಿತ್ತು ಅಂತ ನಿಮಗೂ ಗೊತ್ತು. ಬಳಿಕ ಈ ಸಿನಿಮಾಗಳಿಗೆ ದುಡ್ಡು ಹಾಕುತ್ತಿದ್ದ ಎಂಜಿಎಂ ಕಂಪನಿ ದಿವಾಳಿಯಾಯಿತು, ಮತ್ತೆ ನಾಲ್ಕು ವರ್ಷ. 2012ರಲ್ಲಿ ಬಂದ 'ಸ್ಕೈಫಾಲ್' ಬಾಂಡ್ ಸಿನಿಮಾಗಳ ಪೈಕಿ 100 ಕೋಟಿ ಡಾಲರ್ ದಾಟಿದ ಮೊದಲನೆಯದು. ಇದೆಲ್ಲ ಬರೀ ಕಾಕತಾಳೀಯ ಅಂತ ನೀವು ಹೇಳಿದರೆ ನಾನು ಒಪ್ಪುವವನಲ್ಲ.

ಈ ಕೆಲಸಕ್ಕೆ 'ಬೇಡ' ಅನ್ನುವವರು ಒಬ್ಬರು ಬೇಕಾಗುತ್ತದೆ. ಬಾಂಡ್ ಸಿನಿಮಾಗಳ ನಿರ್ಮಾಪಕರಾದ ಬ್ರೊಕೊಲಿ ಮನೆಯವರು ಅದನ್ನು ಮಾಡುತ್ತಿದ್ದರು. ತಂದೆ ಆಲ್ಬರ್ಟ್ 1962ರಿಂದ ನಡೆಸಿದರು, ಅವರ ನಂತರ ಮಗಳು ಬಾರ್ಬರಾ ಮತ್ತು ಮಲಮಗ ಮೈಕೆಲ್ ವಿಲ್ಸನ್. ಮೊಂಡರು, ಬಿಗಿ ಕೈಯವರು, ಯಾರ ಮಾತೂ ಕೇಳದವರು ಅಂತ ಬೈಸಿಕೊಂಡರು. ಸರಿ, ಆದರೆ ಅರವತ್ತು ವರ್ಷದಲ್ಲಿ ತೆಗೆದದ್ದು ಇಪ್ಪತ್ತೈದೇ ಸಿನಿಮಾ. ಅಮೆಜಾನ್ ಎಂಜಿಎಂ ಕೊಂಡದ್ದು 845 ಕೋಟಿ ಡಾಲರ್ ಕೊಟ್ಟು. 2025ರ ಫೆಬ್ರವರಿಯಲ್ಲಿ ಕತೆಯ ಅಧಿಕಾರವೂ ಅವರ ಕೈಗೆ ಹೋಯಿತು. ಅಷ್ಟು ದುಡ್ಡು ಸುರಿದವನು ಸುಮ್ಮನೆ ಕೂತು ಒಳ್ಳೆ ಕತೆ ಬರಲಿ ಅಂತ ಕಾಯುತ್ತಾನಾ? 2023ರಲ್ಲೇ ಬಾಂಡ್ ಹೆಸರಿನಲ್ಲಿ ಒಂದು ಬಹುಮಾನದ ಸ್ಪರ್ಧೆ, ರಿಯಾಲಿಟಿ ಶೋ ಬಂತು. ಅದು ಹಳೆಯ ಕುಟುಂಬದವರು ಇದ್ದಾಗಲೇ ಬಂತಲ್ಲ ಅನ್ನುತ್ತೀರಿ. ಹೌದು. ಅವರಿದ್ದಾಗಲೇ ಹಾಗಾದರೆ ಇನ್ನು ಮುಂದೆ ಹೇಗೆ ಅಂತ ನನ್ನ ಹೆದರಿಕೆ. ಒಂದು ಸಮಾಧಾನ ಅಂದರೆ ನಿರ್ದೇಶನಕ್ಕೆ ಡೆನಿ ವಿಲ್ನೊವ್ ಅವರನ್ನು ಕರೆದಿದ್ದಾರೆ, ಬರೆಯುವುದು ಸ್ಟೀವನ್ ನೈಟ್. ವಿಲ್ನೊವ್ ನಿಧಾನದ ಆಸಾಮಿ, 'ಡ್ಯೂನ್' ಸಿನಿಮಾಗಳಲ್ಲಿ ಮರಳುಗಾಡನ್ನೇ ಗಂಟೆಗಟ್ಟಲೆ ತೋರಿಸಿ ಜನರನ್ನು ಕೂರಿಸಿದವರು.

ಬಾಂಡ್ ಸತ್ತನಲ್ಲ, ಮತ್ತೆ ಹೇಗೆ ಬರುತ್ತಾನೆ ಅಂತ ಅರ್ಧ ಪುಟ ತಲೆ ಕೆಡಿಸಿಕೊಂಡಿದ್ದೀರಿ. ನಮ್ಮ ಕಡೆ ಕಂಪನಿ ನಾಟಕ ನೋಡಿದವರಿಗೆ ಇದು ಸಮಸ್ಯೆಯೇ ಅಲ್ಲ. ನಿನ್ನೆ ರಾತ್ರಿ ಭೀಮನ ಕೈಲಿ ಸತ್ತ ಕೀಚಕ ಇವತ್ತು ಸಂಜೆ ಬಣ್ಣ ಹಚ್ಚಿಕೊಂಡು ಬೀಡಿ ಸೇದುತ್ತ ಕೂತಿರುತ್ತಾನೆ. ಯಾರೂ ವಿವರಣೆ ಕೇಳುವುದಿಲ್ಲ.

ಅಂದಹಾಗೆ ಬಾಂಡ್ ಬಾಂಡ್ ಅನ್ನುವ ನೀವು ನಮ್ಮ ಕನ್ನಡದ ಬಾಂಡ್, ಸಿಐಡಿ 999ರ ಹೆಸರೇ ಎತ್ತಿಲ್ಲ, ಇದು ಮಾತ್ರ ತಪ್ಪು. 1968ರಲ್ಲಿ 'ಜೇಡರ ಬಲೆ' ಬಂತು, ದೊರೈ-ಭಗವಾನ್ ನಿರ್ದೇಶನ, ಪಂಚೆ ಉಟ್ಟು ಪೌರಾಣಿಕ ಮಾತಾಡುತ್ತಿದ್ದ ರಾಜಕುಮಾರ್ ಕೋಟು ಹಾಕಿ ಪಿಸ್ತೂಲು ಹಿಡಿದರು. ಗದಗಿನ ನಮ್ಮ ಸೋದರಮಾವ ಅದನ್ನು ನೋಡಿ ಬಂದು ಆರು ತಿಂಗಳು ಕಾಲರ್ ಎತ್ತಿಕೊಂಡೇ ಓಡಾಡಿದರಂತೆ, ಅಜ್ಜ ಬೈದರೂ ಕೇಳಲಿಲ್ಲ. 69ರೊಳಗೆ ಇನ್ನೆರಡು ಬಂದವು. ಜನ ಇನ್ನೂ ಬೇಕು ಅನ್ನುತ್ತಿದ್ದರು, ದುಡ್ಡು ಬರುತ್ತಿತ್ತು. ಆಗ ಆ ಜೋಡಿ ಏನು ಮಾಡಿತು? ಅದನ್ನು ಬದಿಗಿಟ್ಟು 1971ರಲ್ಲಿ 'ಕಸ್ತೂರಿ ನಿವಾಸ' ತೆಗೆಯಿತು. 999 ಮತ್ತೆ ಬಂದದ್ದು 1978ರಲ್ಲಿ, 'ಆಪರೇಷನ್ ಡೈಮಂಡ್ ರಾಕೆಟ್' ಆಗಿ. ಅದರ ಇಂಗ್ಲಿಷ್ ಹಾಡನ್ನು ರಾಜಣ್ಣ ಹಾಡಿದ್ದನ್ನು ಇವತ್ತಿಗೂ ನಮ್ಮ ಮದುವೆ ಮನೆಗಳ ಆರ್ಕೆಸ್ಟ್ರಾದವರು ಬಿಡುವುದಿಲ್ಲ. ನಾಲ್ಕು ಸಿನಿಮಾ, ಮುಗಿಯಿತು. 999ರ ಆಫೀಸಿನ ಟೈಪಿಸ್ಟ್ ಕತೆ, 999 ಹೈಸ್ಕೂಲಿನಲ್ಲಿದ್ದಾಗಿನ ಕತೆ ಅಂತ ಯಾರೂ ಎಳೆಯಲಿಲ್ಲ. ಅದಕ್ಕೇ ನಾಲ್ಕರ ಹೆಸರೂ ನಮಗೆ ಬಾಯಿಪಾಠ.

ಈಗಿನ ವೆಬ್ ಸೀರೀಸ್‌ಗಳ ಕತೆ ಬೇರೆ. ಎರಡು ತಾಸಿನಲ್ಲಿ ಮುಗಿಯುವುದನ್ನು ಎಂಟು ಕಂತು ಎಳೆಯುತ್ತಾರೆ, ಎಂಟನ್ನೂ ಒಂದೇ ರಾತ್ರಿ ಬಿಡುತ್ತಾರೆ, ನೀವು ಹಾಸ್ಟೆಲಿನಲ್ಲಿ ಬೆಳಗಿನ ತನಕ ನೋಡಿ ಕ್ಲಾಸಿನಲ್ಲಿ ತೂಕಡಿಸುತ್ತೀರಿ, ಮೂರನೇ ದಿನ ಹೀರೋ ಹೆಸರು ನೆನಪಿರುವುದಿಲ್ಲ. ನಮ್ಮ ಟಿವಿ ಧಾರಾವಾಹಿಗಳ ಸುದ್ದಿ ತೆಗೆಯುವುದೇ ಬೇಡ. ಒಂದು ಕೆನ್ನೆಗೆ ಹೊಡೆದದ್ದನ್ನು ಮೂರು ಸಲ ತೋರಿಸಿ, ಮನೆಯವರೆಲ್ಲರ ಮುಖವನ್ನೂ ತೋರಿಸುವಷ್ಟರಲ್ಲಿ ಒಂದು ಕಂತು ಮುಗಿದಿರುತ್ತದೆ.

ವಾರಪತ್ರಿಕೆಗಳಲ್ಲಿ ಕಾದಂಬರಿ ಕಂತುಕಂತಾಗಿ ಬರುತ್ತಿದ್ದ ಕಾಲ ನಿಮ್ಮ ಅಮ್ಮನಿಗೆ ಗೊತ್ತಿರುತ್ತದೆ, ಕೇಳಿ ನೋಡಿ. ಪ್ರತಿ ವಾರ ಆ ಹಾಳೆಗಳನ್ನಷ್ಟೇ ಮೆಲ್ಲಗೆ ಬಿಡಿಸಿ ತೆಗೆದು, ಕತೆ ಮುಗಿದ ಮೇಲೆ ದಬ್ಬಣದಿಂದ ತೂತು ಮಾಡಿ, ದಪ್ಪ ದಾರದಲ್ಲಿ ಹೊಲಿದು, ಹಳೆ ಕ್ಯಾಲೆಂಡರಿನ ರಟ್ಟು ಹಾಕಿ ಇಡುತ್ತಿದ್ದರು. ನಮ್ಮ ಮನೆಯಲ್ಲಿ ಅಂಥ ಒಂದು ಕಟ್ಟು ಇನ್ನೂ ಇದೆ. ಕತೆಯ ನಡುವೆ ಎಲ್ಲೆಲ್ಲೋ ಕೂದಲೆಣ್ಣೆ ಜಾಹೀರಾತು, ಒಂದು ಪುಟದ ಮೇಲೆ ಅರಿಶಿನದ ಬೆರಳಿನ ಗುರುತು. ನಮ್ಮ ಪತ್ರಿಕೆಯಲ್ಲೂ ಒಮ್ಮೆ ಒಂದು ಪತ್ತೇದಾರಿ ಧಾರಾವಾಹಿ ನಡೆಯುತ್ತಿದ್ದಾಗ ಗದಗಿನಿಂದ ಒಬ್ಬ ಅಜ್ಜಿ ಬಸ್ಸು ಹತ್ತಿ ಬಂದು ಕಚೇರಿಯಲ್ಲಿ ಕೂತುಬಿಟ್ಟರು. "ಮುಂದಿನ ವಾರ ಕಣ್ಣಿನ ಆಪರೇಷನ್ ಅದ. ಕೊಂದಾಂವ ಯಾರು ಅಂತ ಈಗ ಹೇಳ್ರಿ, ಆಮ್ಯಾಲೆ ಓದಾಕ ಆಗೂದಿಲ್ಲ." ನಮ್ಮ ಉಪಸಂಪಾದಕರು ಚಹಾ ತರಿಸಿದರು, ಗಿರ್ಮಿಟ್ ತರಿಸಿದರು, ಕೊಂದವನ ಹೆಸರು ಮಾತ್ರ ಹೇಳಲಿಲ್ಲ. ಅಜ್ಜಿ ಮೊಮ್ಮಗಳ ಕೈಲಿ ಓದಿಸಿಕೊಂಡು, ತಮ್ಮ ಅಂದಾಜು ಸರಿಯಾಗಿತ್ತು ಅಂತ ಕಾರ್ಡು ಬರೆಸಿದರು. ಈಗಿನ ಓದುಗರು ಧಾರಾವಾಹಿಯ ಎರಡನೇ ಕಂತಿಗೇ "ಸರ್, ಪೂರ್ತಿ ಪಿಡಿಎಫ್ ವಾಟ್ಸಾಪ್ ಮಾಡಿ" ಅಂತ ಮೆಸೇಜ್ ಹಾಕುತ್ತಾರೆ.

ಮುಂದಿನ ಬಾಂಡ್ ಯಾರಾಗಬೇಕು ಅಂತ ನನ್ನ ಅಭಿಪ್ರಾಯ ಕೇಳಿದ್ದೀರಿ. ಯಾರಾದರೂ ಆಗಲಿ, ಹೆಚ್ಚು ಮುಖ ಪರಿಚಯ ಇಲ್ಲದವರಾದರೆ ಒಳ್ಳೆಯದು. ಮೊದಲ ಬಾಂಡ್ ಆದ ಶಾನ್ ಕಾನರಿಯ ಹೆಸರನ್ನೂ ಅದಕ್ಕೆ ಮುಂಚೆ ಯಾರು ಕೇಳಿದ್ದರು? ನನಗೆ ಕುತೂಹಲ ಇರುವುದು ಖಳನಾಯಕನ ಬಗ್ಗೆ. ಬಾಂಡ್‌ನ ಖಳರು ಆಯಾ ಕಾಲದ ದೊಡ್ಡ ಮನುಷ್ಯರ ಹಾಗೇ ಇರುತ್ತಾರೆ. 1997ರಲ್ಲಿ ಪತ್ರಿಕೆ, ಟಿವಿ ಎಲ್ಲದರ ಒಡೆಯನೊಬ್ಬ ಸುದ್ದಿಗಾಗಿ ಯುದ್ಧವನ್ನೇ ಹಚ್ಚಲು ಹೊರಟಿದ್ದ. ಇವತ್ತು ಬರೆದರೆ ಅವನು ಹೇಗಿರಬೇಕು? ಊರೂರಿಗೆ ಗೋದಾಮು, ಆಕಾಶದಲ್ಲಿ ಸ್ವಂತ ರಾಕೆಟ್, ನಾವು ಯಾವಾಗ ಏನು ಕೊಂಡೆವು, ಯಾವ ಸಿನಿಮಾವನ್ನು ಎಷ್ಟನೇ ನಿಮಿಷಕ್ಕೆ ನಿಲ್ಲಿಸಿದೆವು ಅನ್ನುವುದೆಲ್ಲ ಗೊತ್ತಿರುವ ಒಬ್ಬ. ಅಂಥವನನ್ನು ಈಗಿನ ಮಾಲೀಕರು ಬರೆಸುತ್ತಾರಾ?

ನೀವು ಇಂಜಿನಿಯರಿಂಗ್ ಹುಡುಗರು, ಇದರ ಬಗ್ಗೆ ಯೋಚನೆ ಮಾಡಿ ಇನ್ನೊಂದು ಪತ್ರ ಬರೆಯಿರಿ, ಹಾಕೋಣ. ಹಾಳೆಯ ಒಂದೇ ಮಗ್ಗುಲಿಗೆ ಬರೆಯಿರಿ, ಇಲ್ಲದಿದ್ದರೆ ನಮ್ಮ ಡಿಟಿಪಿ ಹುಡುಗಿ ನನಗೆ ಬೈಯುತ್ತಾಳೆ.

- ಸಂ.