ರಕ್ತ ಹಾಕಿಸಿಕೊಂಡ ಮೇಲೆ ಚಳಿಜ್ವರ: ಬಾಟಲಿಯಿಂದ ಮಲೇರಿಯಾ ಬರುತ್ತಾ?

ಪ್ರಶ್ನೆ: ನಾವು ಮಂಗಳೂರಿನವರು. ಅಪ್ಪನಿಗೆ 68 ವರ್ಷ. ಹೋದ ತಿಂಗಳು ಸೊಂಟದ ಆಪರೇಷನ್ ಆದಾಗ ಎರಡು ಬಾಟಲಿ ರಕ್ತ ಹಾಕಿದರು. ಎರಡು ವಾರಕ್ಕೆ ಚಳಿಜ್ವರ ಶುರುವಾಯಿತು. ಗಾಯಕ್ಕೆ ಇನ್ಫೆಕ್ಷನ್ ಆಗಿರಬಹುದೆಂದು ಆಂಟಿಬಯಾಟಿಕ್ ಕೊಟ್ಟರು, ಇಳಿಯಲಿಲ್ಲ. ಕೊನೆಗೆ ನೋಡಿದರೆ ವೈವಾಕ್ಸ್ ಮಲೇರಿಯಾ! ಟೆಸ್ಟ್ ಮಾಡಿದ ರಕ್ತದಿಂದಲೂ ಬರುತ್ತಾ ಡಾಕ್ಟ್ರೇ? ವೈವಾಕ್ಸ್ ಮತ್ತೆ ಮತ್ತೆ ಮರುಕಳಿಸುತ್ತೆ ಅಂತಾರೆ, ನಿಜವಾ?

ಉತ್ತರ: ಬರಬಹುದು, ಆದರೆ ಅಪರೂಪ. ನಿಮ್ಮ ಅಪ್ಪನಿಗೆ ರಕ್ತದಿಂದಲೇ ಬಂತು ಅಂತ ಈಗಲೇ ಹೇಳಲಾರೆ. ನಿಮ್ಮೂರಲ್ಲಿ ಸೊಳ್ಳೆಯ ಮೇಲೂ ಅನುಮಾನ ಪಡಬೇಕಲ್ವಾ?

ನಮ್ಮ ದೇಶದಲ್ಲಿ ದಾನದ ರಕ್ತಕ್ಕೆ ಐದು ಪರೀಕ್ಷೆ ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ. ಮಲೇರಿಯಾ ಪರೀಕ್ಷೆಯ ತೊಡಕು ಲೆಕ್ಕದ್ದು. ಅದಕ್ಕೆ ತೆಗೆದುಕೊಳ್ಳುವುದು ಹನಿಗಿಂತಲೂ ಕಡಿಮೆ ರಕ್ತ. ಒಂದು ಮೈಕ್ರೋಲೀಟರಿನಲ್ಲಿ, ಅಂದರೆ ಹನಿಯ ಐವತ್ತನೇ ಒಂದು ಭಾಗದಷ್ಟರಲ್ಲಿ, ಸುಮಾರು 50 ಪರಾವಲಂಬಿಗಳಿದ್ದರೆ (ಮಲೇರಿಯಾ ತರುವ ಸೂಕ್ಷ್ಮ ಜೀವಿಗಳು) ನುರಿತ ಟೆಕ್ನಿಷಿಯನ್ ಸ್ಲೈಡ್‌ನಲ್ಲಿ ಹಿಡಿಯುತ್ತಾರೆ. ಒಂದೇ ಒಂದು ಇದ್ದರೆ? ತಪ್ಪಿಸಿಕೊಳ್ಳುತ್ತದೆ. ಈಗ ಅದನ್ನು ಒಂದು ಬಾಟಲಿಯ 350 ಮಿಲಿ ರಕ್ತಕ್ಕೆ ಗುಣಿಸಿ. ಮೂರೂವರೆ ಲಕ್ಷ! ಫ್ರಿಜ್‌ನ 2ರಿಂದ 6 ಡಿಗ್ರಿ ತಂಪಿನಲ್ಲೂ ಇವು ಹಲವು ದಿನ ಜೀವ ಹಿಡಿದಿರುತ್ತವೆ.

ಹಾಗಾಗಿ ನನ್ನ ಪ್ರಕಾರ ಟೆಸ್ಟ್‌ಗಿಂತ ದೊಡ್ಡ ಜರಡಿ ದಾನಿ ತುಂಬುವ ಫಾರಂ. ಮಲೇರಿಯಾ ವಾಸಿಯಾಗಿ ಮೂರು ತಿಂಗಳು ಆಗದವರು ರಕ್ತ ಕೊಡುವಂತಿಲ್ಲ. ಆದರೆ 'ನಿಮ್ಮ ಕಡೆಯಿಂದ ಒಬ್ಬರು ರಕ್ತ ಕೊಡಿ' ಅಂತ ಆಸ್ಪತ್ರೆಯಲ್ಲಿ ಹೇಳಿದಾಗ ಓಡಿ ಬಂದ ಭಾವಮೈದ, ಹೋದ ತಿಂಗಳು ಬಂದಿದ್ದ ಜ್ವರವನ್ನು ಹೇಳುತ್ತಾನಾ? ಎಷ್ಟೋ ಸಲ ಹೇಳುವುದಿಲ್ಲ. ಕೆಟ್ಟ ಮನಸ್ಸಿನಿಂದಲ್ಲ, ಸಂಕೋಚ. ಇನ್ನು ಮಲೇರಿಯಾ ಪದೇ ಪದೇ ಬಂದು ಹೋದವರಲ್ಲಿ ಜ್ವರವೇ ಇಲ್ಲದೆ ಪರಾವಲಂಬಿ ಉಳಿದಿರಬಹುದು. ಅವರಿಗೇ ಗೊತ್ತಿರುವುದಿಲ್ಲ.

ಮರುಕಳಿಸುವ ಮಾತು. ಸೊಳ್ಳೆ ಕಚ್ಚಿದಾಗ ಒಳಗೆ ಬರುವ ಪರಾವಲಂಬಿ ಮೊದಲು ಲಿವರ್‌ಗೆ ಹೋಗುತ್ತದೆ. ವೈವಾಕ್ಸ್‌ನಲ್ಲಿ ಕೆಲವು ಅಲ್ಲೇ ಮಲಗಿದ್ದು ತಿಂಗಳುಗಳ ನಂತರ ಏಳುತ್ತವೆ. ರಕ್ತದ ಮೂಲಕ ಬಂದದ್ದು ಲಿವರ್ ದಾರಿ ಹಿಡಿಯುವುದೇ ಇಲ್ಲ, ನೇರ ಕೆಂಪು ರಕ್ತಕಣದಲ್ಲೇ ಬೆಳೆಯುತ್ತದೆ. ಆದ್ದರಿಂದ ಲಿವರ್‌ನಿಂದ ಎದ್ದು ಮರುಕಳಿಸುವ ಭಯ ಇಲ್ಲ. ಹಾಗಂತ ನನ್ನ ಮಾತು ಕೇಳಿ ಲಿವರ್‌ನಲ್ಲಿ ಮಲಗಿದವನ್ನು ಕೊಲ್ಲುವ ಹದಿನಾಲ್ಕು ದಿನದ ಪ್ರೈಮಾಕ್ವಿನ್ ಮಾತ್ರೆ ನೀವೇ ನಿಲ್ಲಿಸಬೇಡಿ. ಸೊಳ್ಳೆಯಿಂದಲೇ ಬಂದಿದ್ದರೆ ಅದು ಬೇಕೇ ಬೇಕು. ಅದನ್ನು ನಿಮ್ಮ ಡಾಕ್ಟರ್ ತೀರ್ಮಾನಿಸಲಿ.

ಎರಡು ವಾರ ತಡವಾದದ್ದು ಅಚ್ಚರಿಯೇನಲ್ಲ. ಪರಾವಲಂಬಿಗಳ ಸಂಖ್ಯೆ ಹೆಚ್ಚಾಗಲು ಅಷ್ಟು ಸಮಯ ಬೇಕು. ಆಪರೇಷನ್ ಆದವರಿಗೆ ಜ್ವರ ಬಂದರೆ ಎಲ್ಲರ ಕಣ್ಣೂ ಹೊಲಿಗೆಯ ಮೇಲೇ ಇರುತ್ತದೆ. ರಕ್ತ ಹಾಕಿಸಿಕೊಂಡು ಎರಡು ಮೂರು ತಿಂಗಳೊಳಗೆ ಜ್ವರ ಬಂದರೆ 'ರಕ್ತ ಹಾಕಿದ್ದರು, ಮಲೇರಿಯಾ ಟೆಸ್ಟೂ ಮಾಡಿ' ಅಂತ ನೀವೇ ಬಾಯಿಬಿಟ್ಟು ಹೇಳಿ.

ಈಗ ಒಂದು ಕೆಲಸ ಮಾಡಿ. ಅಪ್ಪನ ಕೇಸ್ ಶೀಟ್‌ನಲ್ಲಿ ಎರಡೂ ಬಾಟಲಿಗಳ ನಂಬರ್ ಇರುತ್ತದೆ. ಅದನ್ನು ಹಿಡಿದು ರಕ್ತ ಕೊಟ್ಟ ಬ್ಲಡ್ ಬ್ಯಾಂಕ್‌ಗೆ ವಿಷಯ ತಿಳಿಸಿ. ಜಗಳಕ್ಕಲ್ಲ. ಅವರು ದಾನಿಯನ್ನು ಕರೆಸಿ ಮತ್ತೆ ಪರೀಕ್ಷೆ ಮಾಡಬೇಕು. ಆತನಿಗೂ ಚಿಕಿತ್ಸೆ ಬೇಕಾಗಬಹುದು. ಅದೇ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ಇನ್ಯಾರಿಗೋ ಹೋಗಿರಬಹುದು, ಅವರೂ ಈಗ ಜ್ವರ ಬಂದು ಮಲಗಿರಬಹುದು.