ನೆಲದ ಪಟ್ಟುಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಊರಿನ ಗರಡಿಯಲ್ಲಿ ಕುಸ್ತಿ ಆಡಿ ಬೆಳೆದವನು ನಾನು. ಈಗ ಬ್ರೆಜಿಲಿಯನ್ ಜಿಯು-ಜಿತ್ಸು (ನೆಲದ ಮೇಲಿನ ಹಿಡಿತಗಳ ಸಮರಕಲೆ) ಕಲಿಯುತ್ತಿದ್ದೇನೆ. ಸೈಡ್ ಕಂಟ್ರೋಲ್‌ನಲ್ಲಿ (ಎದುರಾಳಿ ಪಕ್ಕದಿಂದ ಎದೆಯ ಮೇಲೆ ಅಡ್ಡಬಿದ್ದು ಅದುಮುವ ಹಿಡಿತ) ಕೆಳಗೆ ಸಿಕ್ಕಿಬಿದ್ದರೆ ಮುಗಿಯಿತು. ಕೈಯಿಂದ ತಳ್ಳಿದರೆ ತೋಳಿಗೆ ಲಾಕ್, ಬೋರಲು ತಿರುಗಿದರೆ ಕುತ್ತಿಗೆಗೆ ಹಿಡಿತ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಬೋರಲಾಗುವುದು ನಿಮಗೆ ಕುಸ್ತಿ ಕಲಿಸಿದ ಅಭ್ಯಾಸ. ಬೆನ್ನು ನೆಲಕ್ಕೆ ತಾಗಿದರೆ ಅಲ್ಲಿ ಸೋಲು. ಜೂಡೋದಲ್ಲೂ ಬೋರಲಾಗುವುದು ನಡೆಯುತ್ತದೆ: ಒಸಾಯೆಕೋಮಿಯ (ಬೆನ್ನನ್ನು ನೆಲಕ್ಕೆ ಒತ್ತಿಹಿಡಿಯುವ ಪಟ್ಟಿನ) ಎಣಿಕೆ ನಿಲ್ಲುತ್ತದೆ, ಎದುರಾಳಿಯ ಪಟ್ಟು ಮುಂದುವರಿಯದಿದ್ದರೆ ರೆಫರಿ ‘ಮಾತೆ’ (ನಿಲ್ಲಿಸಿ) ಎಂದು ಇಬ್ಬರನ್ನೂ ಎಬ್ಬಿಸುತ್ತಾರೆ. ಜಿಯು-ಜಿತ್ಸುವಿನಲ್ಲಿ ಹಾಗೆ ಎಬ್ಬಿಸುವವರಿಲ್ಲ. ಬೆನ್ನಿಗೆ ಬಂದು ಎರಡೂ ಕಾಲು ಕೊಕ್ಕೆ ಹಾಕಿ 3 ಸೆಕೆಂಡು ಹಿಡಿದರೆ ಎದುರಾಳಿಗೆ 4 ಅಂಕ, ಆಮೇಲೆ ಕುತ್ತಿಗೆಯ ಸರದಿ. ಹಾಗಾಗಿ ಎದುರಾಳಿಯ ಕಡೆಗೇ ಮುಖ ಮಾಡಿ ಹೊರಬರುವುದನ್ನು ಮೊದಲು ಕಲಿಯಿರಿ.

ಎದುರಾಳಿ ನಿಮ್ಮ ಬಲಮಗ್ಗುಲಲ್ಲಿದ್ದಾನೆ ಎಂದುಕೊಳ್ಳಿ. ಎಡ ಮುಂಗೈಯ ಎಲುಬನ್ನು ಅವನ ಕುತ್ತಿಗೆಗೆ ಅಡ್ಡ ಕೊಡಿ. ಬಲ ಮುಂಗೈ ಅವನ ಸೊಂಟದ ಮೂಳೆಗೆ. ಎರಡೂ ಮೊಣಕೈ ಮಡಚಿ ಪಕ್ಕೆಲುಬಿನ ಹತ್ತಿರವೇ ಇರಲಿ. ಕೈ ನೇರವಾಗಿ ಚಾಚಿದ್ದಕ್ಕೇ ನಿಮಗೆ ಲಾಕ್ ಬೀಳುತ್ತಿದೆ. ಈ ಫ್ರೇಮ್ (ಮುಂಗೈಗಳ ಅಡ್ಡ ಆಸರೆ) ಇರುವುದು ಅವನನ್ನು ಎತ್ತಲಿಕ್ಕಲ್ಲ, ಅವನು ಇದ್ದಲ್ಲೇ ಇರಲಿ ಎಂದು. ಸರಿಯಬೇಕಾದವರು ನೀವು.

ಎರಡೂ ಹಿಮ್ಮಡಿ ಪೃಷ್ಠದ ಹತ್ತಿರಕ್ಕೆ ಎಳೆದುಕೊಂಡು ಜೋರಾಗಿ ಬ್ರಿಡ್ಜ್ ಮಾಡಿ (ಸೊಂಟವನ್ನು ಸೇತುವೆಯಂತೆ ಮೇಲಕ್ಕೆತ್ತಿ). ಅವನ ಭಾರ ಮೇಲೆದ್ದು ಮತ್ತೆ ಕೆಳಗಿಳಿಯುವ ಅರೆಕ್ಷಣದಲ್ಲೇ ಬಲಮಗ್ಗುಲಿಗೆ ಹೊರಳಿ, ಎಡಪಾದ ಒತ್ತಿ ಸೊಂಟವನ್ನು ಹಿಂದಕ್ಕೆ ಜಾರಿಸಿ. ಇದೇ ಶ್ರಿಂಪ್. ತೆರೆದ ಸಂದಿಯಲ್ಲಿ ಬಲಮಂಡಿ ತೂರಿಸಿ, ಮಂಡಿ ಮೊಣಕೈಗೆ ತಾಗುವವರೆಗೂ. ಇಬ್ಬರ ನಡುವೆ ಮಂಡಿ ಬಂತೆಂದರೆ ಗಾರ್ಡ್ (ಕೆಳಗಿದ್ದೇ ಕಾಲುಗಳಿಂದ ಎದುರಾಳಿಯನ್ನು ತಡೆಯುವ ಭಂಗಿ) ಅರ್ಧ ಸಿಕ್ಕಂತೆ.

ಹೆಚ್ಚಿನವರು ಎಡವುವುದು ಸಮಯದಲ್ಲಿ. ಬ್ರಿಡ್ಜ್ ಮಾಡಿ, ಬೆನ್ನನ್ನು ಮತ್ತೆ ಚಪ್ಪಟೆಯಾಗಿ ನೆಲಕ್ಕಿಟ್ಟು, ಆಮೇಲೆ ಸೊಂಟ ಸರಿಸುತ್ತಾರೆ. ಅಷ್ಟರಲ್ಲಿ ಭಾರ ಪೂರ್ತಿ ಕೂತಿರುತ್ತದೆ. ಎರಡೂ ಒಂದೇ ಉಸಿರಿನ ಕೆಲಸ. ಇನ್ನೊಂದು, ಒಂದು ಶ್ರಿಂಪ್‌ಗೆ ಜಾಗ ಸಾಲದಿದ್ದರೆ ಫ್ರೇಮ್ ಬಿಡದೆ ಎರಡನೆಯದು, ಮೂರನೆಯದು ಮಾಡಿ. ಕುಸ್ತಿಪಟುಗಳಿಗೆ ಬ್ರಿಡ್ಜ್ ಮಾಡುವ ಬಲ ಮೊದಲೇ ಇರುತ್ತದೆ, ಅದು ನಿಮ್ಮ ದೊಡ್ಡ ಆಸ್ತಿ.

ಪ್ರಶ್ನೆ: ಜೂಡೋದಲ್ಲಿ ಜೂಜಿ-ಗತಾಮೆ (ಎದುರಾಳಿಯ ತೋಳನ್ನು ತೊಡೆಗಳ ನಡುವೆ ಹಿಡಿದು ಮೊಣಕೈ ನೇರವಾಗಿಸುವ ಪಟ್ಟು) ಹಾಕುವಾಗ ಪ್ರತಿ ಸಲ ಎದುರಾಳಿ ಕೈ ಎಳೆದುಕೊಂಡು ಹೋಗುತ್ತಾಳೆ. ಕೈ ಕೈ ಕಟ್ಟಿಕೊಂಡರಂತೂ ಬಿಡಿಸಲು ಆಗುವುದೇ ಇಲ್ಲ.
– ಕಾಲೇಜು ವಿದ್ಯಾರ್ಥಿನಿ, ಮೈಸೂರು

ಉತ್ತರ: ನಿಮ್ಮ ಸೊಂಟ ದೂರವಿದೆ, ಮಂಡಿಗಳು ಅಗಲವಾಗಿವೆ. ಬಹುತೇಕ ಸಲ ಇವೆರಡೇ ಕಾರಣ. ಹಿಂದಕ್ಕೆ ಮಲಗುವ ಮುನ್ನ ಕುಳಿತಲ್ಲೇ ನಿಮ್ಮ ಪೃಷ್ಠ ಅವಳ ಭುಜಕ್ಕೆ ಅಂಟಿರಬೇಕು. ಅವಳ ಮೊಣಕೈ ನಿಮ್ಮ ಸೊಂಟದ ಗೆರೆ ದಾಟಿ ನಿಮ್ಮ ಎದೆಯ ಕಡೆ ಬಂದಿರಬೇಕು. ಮೊಣಕೈ ಗೆರೆಯ ಆಚೆ ಉಳಿದರೆ ಎಷ್ಟು ಎಳೆದರೂ ಅದು ಬಾಗುತ್ತದೆ, ಜಾರುತ್ತದೆ. ಮಂಡಿಗಳಿಂದ ಅವಳ ತೋಳನ್ನು ಬಿಗಿಯಾಗಿ ಅದುಮಿ, ಹಿಮ್ಮಡಿ ಕೆಳಕ್ಕೆ ಒತ್ತಿ, ಅವಳ ಹೆಬ್ಬೆರಳು ಮೇಲ್ಛಾವಣಿ ನೋಡುವಂತೆ ಮಣಿಕಟ್ಟನ್ನು ಎದೆಗೆ ಅಪ್ಪಿಕೊಳ್ಳಿ. ಕೊನೆಗೆ ಸೊಂಟವನ್ನು ನಿಧಾನವಾಗಿ ಎತ್ತಿ. ಅಭ್ಯಾಸದಲ್ಲಿ ಎಂದೂ ಜರ್ಕ್ ಕೊಡಬೇಡಿ, ಟ್ಯಾಪ್ ಮಾಡಲು (ಕೈ ತಟ್ಟಿ ಸೋಲೊಪ್ಪಲು) ಜೊತೆಗಾತಿಗೆ ಸಮಯ ಬೇಕು.

ಕೈ ಕಟ್ಟಿಕೊಂಡಾಗ ನೇರ ಹಿಂದಕ್ಕೆ ಜಗ್ಗುವುದು ವ್ಯರ್ಥ. ನಿಮ್ಮ ಮೊಣಕೈ ಮಡಿಕೆಯನ್ನು ಅವಳ ತೋಳಿನೊಳಗೆ ಸಿಕ್ಕಿಸಿ, ಆದಷ್ಟು ಮಣಿಕಟ್ಟಿನ ಹತ್ತಿರಕ್ಕೆ ಜಾರಿಸಿ, ಅವಳ ತಲೆಯ ಕಡೆಗೆ ಓರೆಯಾಗಿ ವಾಲಿ. ಮಣಿಕಟ್ಟಿಗೆ ಹತ್ತಿರವಾದಷ್ಟೂ ಕಡಿಮೆ ಬಲ ಸಾಕು.

ಪ್ರಶ್ನೆ: ತರಗತಿಗೆ ಸೇರಿದ ಮೇಲೆ ಕುತ್ತಿಗೆ ಹತ್ತಿರ ಗುಂಡಗೆ ಕೆಂಪು ಕಲೆ, ತುರಿಕೆ. ಅಭ್ಯಾಸ ಮುಂದುವರಿಸಬಹುದೆ?
– ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ಹುಳುಕಡ್ಡಿ ಇರಬಹುದು, ಮ್ಯಾಟ್ ಮೇಲೆ ಮೈಗೆ ಮೈ ತಾಗಿ ಎಲ್ಲರಿಗೂ ಹರಡುತ್ತದೆ. ಚರ್ಮವೈದ್ಯರಿಗೆ ತೋರಿಸಿ, ಅವರು ಸರಿ ಎನ್ನುವವರೆಗೆ ದೂರವಿರಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ, ತುರಿಕೆ ಇಳಿದಂತೆ ಕಂಡರೂ ಒಳಗೊಳಗೇ ಹಬ್ಬುತ್ತದೆ. ಗುಣವಾದ ಮೇಲೆ ಪ್ರತಿ ತರಗತಿ ಮುಗಿದ ತಕ್ಷಣ ಸ್ನಾನ ಮಾಡಿ. ಗೀ (ಅಭ್ಯಾಸದ ದಿರಿಸು) ಅಂದಂದೇ ಒಗೆದು ಬಿಸಿಲಿಗೆ ಹಾಕಿ, ಬೆಲ್ಟನ್ನೂ ಸೇರಿಸಿ.