ಬೆಟ್ಟ ಇಳಿಯುವಾಗ ಕಾರು ಗೇರ್‌ನಲ್ಲೇ ಇರಲಿ

ಚಾಮುಂಡಿ ಬೆಟ್ಟ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ, ಇಲ್ಲವೇ ಕೀ ಆಫ್ ಮಾಡಿದರೆ ಪೆಟ್ರೋಲ್ ಉಳಿಯುತ್ತಾ ಅಂತ ಕೇಳಿದ್ದೀರಿ. ನ್ಯೂಟ್ರಲ್‌ನಲ್ಲಿ ಉಳಿಯುವುದಿಲ್ಲ, ಜಾಸ್ತಿಯೇ ಖರ್ಚಾಗುತ್ತದೆ. ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಎಂಜಿನ್‌ಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆಫ್ ಆಗದಿರಲು ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರುತ್ತದೆ.

ನನಗೆ ಪೆಟ್ರೋಲ್‌ಗಿಂತ ಬ್ರೇಕಿನದೇ ಚಿಂತೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಹಿಡಿತ ಇರುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ. ತಿರುವುಗಳುದ್ದಕ್ಕೂ ಒತ್ತಿಕೊಂಡೇ ಬಂದರೆ ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಎರಡನೇ ಅಥವಾ ಮೂರನೇ ಗೇರ್‌ನಲ್ಲಿ ಇಳಿಯಿರಿ. ಬ್ರೇಕ್ ಆಗಾಗ ಒತ್ತಿ, ಬಿಡಿ.

ಕೀ ಆಫ್ ಮಾಡುವುದಂತೂ ಬೇಡವೇ ಬೇಡ, ಕೈ ಮುಗಿದು ಕೇಳಿಕೊಳ್ಳುತ್ತೇನೆ. ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ. ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಿನಂತಾಗುತ್ತದೆ. ಕೀ ಹೊರಗೆ ಬಂದರೆ ಸ್ಟೀರಿಂಗ್ ಲಾಕ್ ಕೂಡ ಆಗಬಹುದು.

ಪೆಟ್ರೋಲ್ ಉಳಿಸಬೇಕು ಅಲ್ವಾ? ಟೈರ್ ಗಾಳಿ ನೋಡಿಸಿ. ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲೇ ಇರುತ್ತದೆ. ಟೈರ್ ತಣ್ಣಗಿರುವಾಗ, ಬೆಳಗ್ಗೆಯೇ ನೋಡಿಸಿದರೆ ಒಳ್ಳೆಯದು.